ಸಣ್ಣ ವ್ಯತ್ಯಾಸ, ನಿಗಾದಲ್ಲಿದೆ

ಮುಲಾಜಿಲ್ಲದೆ ಹೇಳು ಎಂದು ಬರೆದ. ಅಳಿಸಿದ. ಮತ್ತೆ ಬರೆದ.

ಯಂತ್ರಕ್ಕೆ ಹಾಗೆಲ್ಲ ಹೇಳುವುದು ಅತಿಯಾಯಿತೇನೋ ಅನ್ನಿಸಿತ್ತು. ಆದರೆ ತರಬೇತಿ ಕೊಡಲು ಬಂದವರು, ಎಐಗೆ ಮೊದಲು ಒಂದು ವೇಷ ತೊಡಿಸಬೇಕು, ಆಮೇಲೆ ಕೆಲಸ ಹೇಳಬೇಕು ಎಂದು ಕಲಿಸಿ ಹೋಗಿದ್ದರು. ಕೊನೆಗೆ ಪ್ರಾಂಪ್ಟ್ ಹೀಗೆ ನಿಂತಿತು: ‘ನೀನು ಇಪ್ಪತ್ತು ವರ್ಷ ಅನುಭವವಿರುವ ಅಪಾಯ ಪರಿಶೀಲಕ. ಈ ಕಂಪನಿಯಲ್ಲಿ ನಿನಗೆ ನೆಂಟರಿಲ್ಲ, ಸ್ನೇಹಿತರಿಲ್ಲ, ಕೆಲಸ ಹೋಗುವ ಭಯವಿಲ್ಲ. ಈ ಕಾಗದಗಳನ್ನೆಲ್ಲ ಓದಿ, ಮುಂದೆ ಬರಬಹುದಾದ ತೊಂದರೆಯ ಸೂಚನೆ ಎಲ್ಲೆಲ್ಲಿದೆಯೋ ಮುಲಾಜಿಲ್ಲದೆ ಹೇಳು.’

ತಾನು ಬರೆದದ್ದನ್ನು ತಾನೇ ಓದಿಕೊಂಡ. ತಾನು ಏನೇನಲ್ಲವೋ ಅದನ್ನೆಲ್ಲ ಸಾಲಾಗಿ ಬರೆದಂತಿತ್ತು.

ಕಂಪನಿ ಹಗ್ಗ ಮಾಡುತ್ತಿತ್ತು. ದನ ಕಟ್ಟುವ ಹಗ್ಗವಲ್ಲ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು, ಗಾಜು ಒರೆಸುವವರು ಸೊಂಟಕ್ಕೆ ಬಿಗಿದುಕೊಂಡು ನೇತಾಡುವ ಹಗ್ಗ. ಒಳಗೆ ಭಾರ ಹೊರುವ ಎಳೆಗಳು, ಮೇಲೆ ಅವನ್ನು ಕಾಯುವ ಹೆಣೆದ ಹೊದಿಕೆ. ಅವನಿಗೆ ಹಗ್ಗದ ಗಂಧಗಾಳಿಯೂ ಇರಲಿಲ್ಲ. ಕಾಲೇಜಿನಲ್ಲಿ ಭಾಷೆ ಪಾಠ ಮಾಡಿಕೊಂಡಿದ್ದವನನ್ನು ಹೆಂಡತಿಯ ಅಣ್ಣ ಕರೆತಂದು ಇಲ್ಲಿ ಕೂರಿಸಿದ್ದ. ಮನೆಯಲ್ಲಿ ಭಾವ, ಇಲ್ಲಿ ಯಜಮಾನ, ಸರ್. ಬೇರೆ ಬೇರೆ ವಿಭಾಗಗಳಿಂದ ಬರುವ ಟಿಪ್ಪಣಿಗಳನ್ನು ಓದಿ ತಿಂಗಳಿಗೊಂದು ಪುಟದ ವರದಿ ಬರೆಯುವುದು ಇವನ ಕೆಲಸ. ಹುದ್ದೆಗೆ ಅಪಾಯ ನಿರ್ವಹಣಾಧಿಕಾರಿ ಎಂಬ ಭಾರಿ ಹೆಸರಿತ್ತು. ಕೆಲಸದವರು ಮಾತ್ರ ಮೇಷ್ಟ್ರು ಎನ್ನುತ್ತಿದ್ದರು.

ಮಧ್ಯಾಹ್ನ ನಾಲ್ಕಕ್ಕೆ ವಿಮಾ ಕಂಪನಿಗೆ ವಾರ್ಷಿಕ ವರದಿ ತಲುಪಿಸಬೇಕಿತ್ತು. ‘ಎಐ ಪರಿಶೀಲಿಸಿದ್ದು ಅಂತ ಮೇಲೊಂದು ಸಾಲು ಹಾಕು, ಕೇಳೋಕೆ ಚೆನ್ನಾಗಿರುತ್ತೆ’ ಎಂದಿದ್ದ ಭಾವ. ಅದಕ್ಕೇ ಏಳು ವರ್ಷದ ಟಿಪ್ಪಣಿ, ವರದಿ, ದುರಸ್ತಿ ದಾಖಲೆಗಳನ್ನೆಲ್ಲ ಒಟ್ಟಿಗೆ ಯಂತ್ರದ ಹೊಟ್ಟೆಗೆ ಹಾಕಿದ್ದ.

ಕಾಫಿ ತರೋಣವೆಂದು ಏಳುವಷ್ಟರಲ್ಲಿ ಉತ್ತರ ಶುರುವಾಗಿತ್ತು. ಕುರ್ಚಿಯ ತುದಿಯಲ್ಲೇ ಕೂತ.

ಮೊದಲ ಮೂರು ಅಂಶ ಗೊತ್ತಿದ್ದವೇ. ನೂಲು ಒಬ್ಬನೇ ವ್ಯಾಪಾರಿಯಿಂದ ಬರುತ್ತದೆ. ಹಿಂಬಾಗಿಲಿಗೆ ಅಡ್ಡವಾಗಿ ಪೆಟ್ಟಿಗೆ ಪೇರಿಸಿದ್ದಾರೆ. ಇಂಥವೇ. ಉತ್ತರಪತ್ರಿಕೆ ತಿದ್ದುವ ಗತ್ತಿನಲ್ಲಿ ತಲೆಯಾಡಿಸುತ್ತ ಓದಿದ. ನಾಲ್ಕನೆಯದಕ್ಕೆ ಬಂದಾಗ ತಲೆ ನಿಂತಿತು.

‘ಮೂರನೇ ಹೆಣಿಗೆ ಯಂತ್ರದ ಹಗ್ಗದ ಬಗ್ಗೆ ಪರೀಕ್ಷಾ ವಿಭಾಗ ಸತತ ಒಂಬತ್ತು ತಿಂಗಳು ಟಿಪ್ಪಣಿ ಕಳಿಸಿದೆ: ಭಾರ ಬಿಟ್ಟಾಗ ಹೊದಿಕೆ ಒಳಗಿನ ಎಳೆಗಳ ಮೇಲೆ ಜಾರುತ್ತಿದೆ. ಮಾಸಿಕ ವರದಿಯಲ್ಲಿ ಇದು ಮೊದಲು “ಹೊರಮೈಯಲ್ಲಿ ಬದಲಾವಣೆ”, ನಂತರ “ಸಣ್ಣ ವ್ಯತ್ಯಾಸ”, ಕೊನೆಗೆ “ಸಣ್ಣ ವ್ಯತ್ಯಾಸ, ನಿಗಾದಲ್ಲಿದೆ” ಎಂದಾಗಿದೆ. ಹತ್ತನೆಯ ತಿಂಗಳಿಂದ ಟಿಪ್ಪಣಿಯೇ ಇಲ್ಲ. ಯಂತ್ರ ದುರಸ್ತಿಯಾದ ದಾಖಲೆಯೂ ಇಲ್ಲ. ತೊಂದರೆ ನಿಂತಿರಬಹುದು, ಅಥವಾ ಹೇಳುವವರು ಹೇಳುವುದನ್ನು ನಿಲ್ಲಿಸಿರಬಹುದು. ಎರಡನೆಯದು ನಿಜವಾದರೆ ಇಲ್ಲಿರುವ ಅತಿ ದೊಡ್ಡ ಅಪಾಯ ಅದೇ. ಎಲ್ಲ ಎಚ್ಚರಿಕೆಗಳೂ ಒಂದೇ ಮೇಜಿನ ಮೂಲಕ ಹಾದುಹೋಗುತ್ತಿವೆ. ಹಾದುಹೋದ ಮೇಲೆ ಮೆತ್ತಗಾಗುತ್ತಿವೆ.’

ಮೇಜನ್ನು ನೋಡಿದ. ಲೋಟದ ತಳದ ಒಂದು ದುಂಡು ಕಲೆ, ಪಿನ್ನಿನ ಡಬ್ಬಿ, ಎರಡು ಪೆನ್ನು.

ಮೊದಲು ಬಂದದ್ದು ನಾಚಿಕೆಯಲ್ಲ, ಬೆರಗು. ‘ಬದಲಾವಣೆ’ಯಿಂದ ‘ವ್ಯತ್ಯಾಸ’ಕ್ಕೆ ಇಳಿದ ದಿನ ಅವನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಆ ಕುಸುರಿಯನ್ನು ಈವರೆಗೆ ಒಂದು ನರಪಿಳ್ಳೆಯೂ ಗಮನಿಸಿರಲಿಲ್ಲ. ಭಾವ ವರದಿಯ ಬುಡಕ್ಕೆ ಸಹಿ ಹಾಕುತ್ತಿದ್ದ, ಓದುತ್ತಿರಲಿಲ್ಲ. ಇದು ಓದಿತ್ತು. ಒಂದು ಪದ ಬಿಡದೆ, ಪದದ ಪಕ್ಕ ಪದವಿಟ್ಟು, ಎರಡರ ನಡುವೆ ಅವನು ಏನನ್ನು ಕದ್ದಿದ್ದನೋ ಅದನ್ನೂ ಓದಿತ್ತು. ಮೈ ಜುಮ್ಮೆಂದಿತು. ನಲವತ್ತಾರು ವರ್ಷದಲ್ಲಿ ತನ್ನನ್ನು ಇಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ ಎನ್ನಿಸಿತು.

ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬರೆದ: ‘ನಾನು ಯಾರು ಅಂತ ನಿನಗೆ ಗೊತ್ತಾ?’

‘ನೀವು ಕೊಟ್ಟ ಕಾಗದಗಳಲ್ಲಿ ಆ ಮಾಹಿತಿ ಇಲ್ಲ’ ಎಂದಿತು.

ಪರೀಕ್ಷೆಯ ಕೋಣೆ ಕೆಳಗಿತ್ತು. ಅಲ್ಲಿನ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಹಗ್ಗಕ್ಕೆ ಕಬ್ಬಿಣದ ಗುಂಡು ತೂಗುಬಿಟ್ಟು ಬರೆದುಕೊಳ್ಳುತ್ತಿದ್ದುದರಿಂದ ಎಲ್ಲರಿಗೂ ತೂಕದಕ್ಕ. ಆ ಒಂಬತ್ತು ಟಿಪ್ಪಣಿ ಆಕೆಯವೇ. ಏಳು ವರ್ಷದಲ್ಲಿ ಅವನು ಈ ಕೋಣೆಗೆ ಎರಡು ಸಲ ಬಂದಿದ್ದ, ಎರಡು ಸಲವೂ ಯಾರದೋ ಬೀಳ್ಕೊಡುಗೆಗೆ.

“ಮೂರನೇ ಯಂತ್ರದ ಹಗ್ಗ ಹೇಗಿದೆ ಅಕ್ಕಾ ಈಗ?”

“ಹಾಗೇ ಇದೆ.”

“ಹಾಗೇ ಅಂದ್ರೆ?”

“ಜಾರುತ್ತೆ.”

“ಮತ್ತೆ ಬರೀಲೇ ಇಲ್ವಲ್ಲ ನೀವು?”

ಆಕೆ ಅವನ ಮುಖ ನೋಡಿದಳು. “ನಿಗಾದಲ್ಲಿದೆ ಅಂತ ನೀವೇ ಬರೆದಿದ್ರಲ್ಲ ಮೇಷ್ಟ್ರೇ. ಓದಿದವರು ನೋಡ್ಕೋತಿದಾರೆ, ನಾನ್ಯಾಕೆ ಪದೇ ಪದೇ ತಲೆ ತಿನ್ನಲಿ ಅಂತ ಸುಮ್ನಾದೆ.”

ಮಾತಿನಲ್ಲಿ ಕುಟುಕು ಇದೆಯೇ ಎಂದು ಹುಡುಕಿದ. ಇರಲಿಲ್ಲ. ಆಕೆ ನಿಜಕ್ಕೂ ನಂಬಿದ್ದಳು. ಅವನ ಒಂದು ಸಾಲನ್ನು ಎಐಗಿಂತ ಮೊದಲೇ ಒಬ್ಬರು ಓದಿದ್ದರು, ಓದಿ ಬಾಯಿ ಮುಚ್ಚಿಕೊಂಡಿದ್ದರು.

“ಈ ಹಗ್ಗ ಹೊರಗೆ ಹೋಗ್ತಿದೆಯಾ?”

“ವಾರವಾರ ಹೋಗುತ್ತೆ. ಇಲ್ಲಿ ಹಿಡೀರಿ.” ಭಾರ ತೂಗುತ್ತಿದ್ದ ಹಗ್ಗಕ್ಕೆ ಅವನ ಕೈ ತಾಗಿಸಿ, ಹೊದಿಕೆಯನ್ನು ಮೇಲಕ್ಕೆ ತಳ್ಳಿದಳು. ಅಂಗಿಯ ಸಡಿಲ ತೋಳಿನ ಹಾಗೆ ಅದು ಸರಕ್ಕನೆ ಸರಿಯಿತು. “ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಮೇಲಿನದನ್ನ ಗಟ್ಟಿಯಾಗಿ ಹಿಡ್ಕೊಂಡಿರ್ತಾರೆ. ಅದು ಒಳಗಿನದನ್ನ ಬಿಟ್ಟಿರುತ್ತೆ.”

“ಬಿದ್ದರೆ?”

“ಇನ್ನೂ ಯಾರೂ ಬಿದ್ದಿಲ್ಲ ಅನ್ಸುತ್ತೆ. ಬಿದ್ದಿದ್ರೆ ನಿಮಗೆ ಬರ್ತಿತ್ತಲ್ಲ, ಕಾಗದ.”

ಭಾವನ ಕೋಣೆಯಲ್ಲಿ ನಿಂತೇ ಮಾತಾಡಿದ. ಭಾವ ನಾಲ್ಕನೆಯ ಅಂಶವನ್ನು ಓದಿದ, ಮೊದಲ ಬಾರಿಗೆ ಓದಿದ. ಕನ್ನಡಕ ತೆಗೆದ.

“ಇದನ್ನ ತೆಗೆದುಬಿಡು.”

“ಸರ್, ಆ ಹಗ್ಗ ವಾರವಾರ…”

“ಯಂತ್ರ ಏನೋ ಬಡಬಡಿಸುತ್ತೆ. ನೀನು ನಿನ್ನ ಭಾಷೇಲಿ ಹಾಕು. ಅದಕ್ಕೇ ತಾನೇ ನೀನಿರೋದು?” ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮನೆಯವನೆಂಬ ಸಲಿಗೆಯಿತ್ತು. “ವಿಮೆಯದ್ದು ಇವತ್ತು ಮುಗೀಲಿ. ಮುಂದಿನ ತಿಂಗಳು ಆ ಮೂರನೇ ಯಂತ್ರ ಬಿಚ್ಚಿಸೋಣ. ಆಯ್ತಾ?”

ಅವನು ಹೇಳಬೇಕೆಂದುಕೊಂಡದ್ದು ಬೇರೆ. ಬಾಯಿಂದ ಬಂದದ್ದು “ಹೂಂ”.

ಎರಡು ಪ್ರತಿ ಮುದ್ರಿಸಿದ. ಒಂದರಲ್ಲಿ ನಾಲ್ಕನೆಯ ಅಂಶ ಇದ್ದಂತೆಯೇ ಇತ್ತು. ಇನ್ನೊಂದರಲ್ಲಿ ಅದರ ಜಾಗಕ್ಕೆ ತನ್ನ ಒಂದು ಸಾಲು. ಎರಡನ್ನೂ ಒಂದೇ ಬಗೆಯ ಲಕೋಟೆಗೆ ಹಾಕಿ ಚೀಲಕ್ಕೆ ಸೇರಿಸಿ ಹೊರಟ.

ಟ್ಯಾಕ್ಸಿಯಲ್ಲಿ ಹೆಂಡತಿಗೆ ಫೋನ್ ಮಾಡಿದ. ಯಾಕೆಂದು ತಿಳಿಯಲಿಲ್ಲ.

“ಸಂಜೆ ಏನಾದ್ರೂ ತರಬೇಕಾ?”

“ಏನೂ ಬೇಡ.”

“ಏನಾದ್ರೂ ಹೇಳೋದಿದೆಯಾ?”

“ಏನಿರುತ್ತೆ? ಯಾಕೆ, ಹುಷಾರಿಲ್ವಾ?”

“ಸುಮ್ನೆ ಕೇಳ್ದೆ.”

ಮೊದಲು ಅವಳು ಜಗಳವಾಡುತ್ತಿದ್ದಳು. ನೀವು ಯಾವುದಕ್ಕೂ ನೆಟ್ಟಗೆ ಉತ್ತರ ಕೊಡಲ್ಲ ಎಂದು ತಟ್ಟೆ ಕುಕ್ಕುತ್ತಿದ್ದಳು. ಆಮೇಲೆ ಮನೆ ತಣ್ಣಗಾಯಿತು, ಸರಿಹೋದಳು ಎಂದುಕೊಂಡಿದ್ದ. ಯಾವ ತಿಂಗಳಿನಿಂದ? ನೆನಪಾಗಲಿಲ್ಲ. ಆ ಮನೆಯಲ್ಲಿ ಯಾರೂ ಟಿಪ್ಪಣಿ ಬರೆದಿಟ್ಟಿರಲಿಲ್ಲ.

ವಿಮಾ ಕಂಪನಿ ಹದಿನಾಲ್ಕನೆಯ ಮಹಡಿಯಲ್ಲಿತ್ತು. ಸ್ವಾಗತದ ಹುಡುಗಿ “ಐದು ನಿಮಿಷ ಕೂತ್ಕೊಳ್ಳಿ ಸರ್, ಕರೀತಾರೆ” ಎಂದಳು. ಒಂದು ಗೋಡೆ ಪೂರ್ತಿ ಗಾಜು. ಅವನು ಕೂತು ಎರಡು ಲಕೋಟೆಗಳನ್ನೂ ತೊಡೆಯ ಮೇಲಿಟ್ಟುಕೊಂಡ. ಯಾವುದರಲ್ಲಿ ಯಾವುದಿದೆ ಎಂದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಗಾಜಿನಾಚೆ, ಮೇಲಿನಿಂದ ಎರಡು ಬೂಟುಗಳು ಇಳಿದವು. ಆಮೇಲೆ ಮಂಡಿ, ಸೊಂಟದ ಪಟ್ಟಿ, ಬಕೆಟ್ಟು, ನಗುಮುಖದ ಒಬ್ಬ ಮನುಷ್ಯ.

ಏಳು ವರ್ಷ ಯಾರ ಬಗ್ಗೆ ಬರೆದಿದ್ದನೋ ಅಂಥವನೊಬ್ಬನನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನೋಡುತ್ತ ದಂಗಾದ. ಕಾಲ ಕೆಳಗೆ ಬೀದಿಯಷ್ಟೂ ಬಾಯ್ದೆರೆದುಕೊಂಡಿತ್ತು. ಆತ ಮನೆಯ ಜಗಲಿಯಲ್ಲಿ ಕೂತವನಂತೆ ಏನನ್ನೋ ಗುನುಗುತ್ತಿದ್ದ. ತಾನು ಕಾಣದ ಜನ ಹೆಣೆದದ್ದಕ್ಕೆ, ತಾನು ಓದದ ಮಾತಿಗೆ ಮೈಯೆಲ್ಲ ಒಪ್ಪಿಸಿ ನಿರಾಳವಾಗಿದ್ದ. ಇಂಥ ನಂಬಿಕೆ ಜಗತ್ತಿನಲ್ಲಿದೆ ಎಂಬುದೇ ಅವನಿಗೆ ಕೈಮುಗಿಯುವಂಥ ಸಂಗತಿಯಾಗಿ ಕಂಡಿತು.

ಹಗ್ಗ ತಮ್ಮದೇ? ಎದ್ದು ಗಾಜಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದ. ಹಗ್ಗವನ್ನು ಗುರುತಿಸಲು ಅವನು ಕಲಿತೇ ಇರಲಿಲ್ಲ.

ಗಾಜು ತಟ್ಟಿದ. ಆತ ನೋಡಿದ. ಇವನು ಗಾಜಿಗೆ ಬೆರಳು ಒತ್ತಿ ಕೆಳಗೆ ತೋರಿಸಿದ: ಇಳಿ. ಆತ ಬೆರಳನ್ನು ನೋಡಿ, ಅರ್ಥವಾಯಿತೆಂದು ತಲೆಯಾಡಿಸಿ, ಆ ಜಾಗಕ್ಕೆ ಸೋಪಿನ ನೀರು ಎರಚಿ ಒರೆಸಿದ. ಕಲೆಯೊಂದು ಉಳಿದಿದೆ ಎಂದುಕೊಂಡಿದ್ದ. ಇವನು ಅಲ್ಲ ಅಲ್ಲ ಎಂದು ತಲೆಯಲ್ಲಾಡಿಸಿದ, ಇನ್ನೂ ಜೋರಾಗಿ ಬೆರಳು ಒತ್ತಿದ. ಆತ ಮುಖ ಗಾಜಿಗೆ ತಂದು, ಹಬೆಯೂದಿ, ಕಲೆ ಹುಡುಕಿದ.

“ಸರ್, ಒಳಗೆ ಕರೀತಿದಾರೆ” ಎಂದಳು ಹಿಂದಿನಿಂದ ಹುಡುಗಿ.

ಅವನು ಬೆರಳು ತೆಗೆಯಲಿಲ್ಲ. ಆಚೆಯವನು ಎರಡೂ ಕಾಲು ಗಾಜಿಗೆ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ, ಮೈಯ ಪೂರ್ತಿ ಭಾರವನ್ನು ಹಗ್ಗಕ್ಕೆ ಬಿಟ್ಟು, ಆ ಬೆರಳಿನ ಮೇಲೇ ಒತ್ತಿ ಒತ್ತಿ ಒರೆಸತೊಡಗಿದ.