ಏಳು ಜನ ನೇರಳಮ್ಮಂದಿರು

ಹೋದ ವರ್ಷ ಮಾರ್ಚಿನಲ್ಲಿ ನಮ್ಮಜ್ಜಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಾ ತಲೆಸುತ್ತಿ ಬಿದ್ದಳು. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಲಕ್ಷ್ಮಿದೇವಿ ಆಗ ಏಳು ತಿಂಗಳ ಬಸುರಿ. ಅವಳೇ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಭವ್ಯಾ, ಲಗೂನ ಬಾ" ಎಂದು ಕೂಗಿದಳು. ಅಪ್ಪ ಅಮ್ಮ ಮಾಲೂರಿಗೆ ಮದುವೆಗೆ ಹೋಗಿದ್ದರು. ನಾನೂ ತಾತನೂ ಆಟೋದಲ್ಲಿ ಅಜ್ಜಿಯನ್ನು ಇಂದಿರಾನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿಗೆ ತಲುಪುವ ಹೊತ್ತಿಗೆ ಅವಳಿಗೆ ಎಚ್ಚರವಾಗಿತ್ತು. ತಾತ ಚಪ್ಪಲಿ ಇಲ್ಲದೆ ಬಂದಿದ್ದು ಯಾಕೆ ಎಂದು ಬೈಯುತ್ತಿದ್ದಳು. ನಾನು ಕೌಂಟರಿನಲ್ಲಿ ಆಧಾರ್ ಕೊಟ್ಟು ಬರುವಷ್ಟರಲ್ಲಿ ವಾಜಿದ್ ಅನ್ನುವ ಚಿಕ್ಕ ವಯಸ್ಸಿನ ಡಾಕ್ಟರು ಪರೀಕ್ಷೆ ಶುರು ಮಾಡಿದ್ದರು.

"ಇದು ಯಾವ ಜಾಗ, ಅಮ್ಮ?"

"ಆಸ್ಪತ್ರೆ. ಇಂದಿರಾನಗ್ರ."

"ಇವತ್ತು ಏನು ವಾರ?"

"ಗುರುವಾರ. ನಾಳೆ ನಲ್ಲಿ ನೀರು ಬರೋ ದಿನ."

"ನಿಮ್ಮ ಹೆಸರು?"

"ನೇರಳಮ್ಮ."

ಡಾಕ್ಟರು ಕೈಯಲ್ಲಿದ್ದ ಚೀಟಿ ನೋಡಿದರು. ಅದರಲ್ಲಿ ನಿರ್ಮಲ ಎಂದಿತ್ತು. ಇನ್ನೊಂದು ಸಲ ನಿಧಾನವಾಗಿ ಕೇಳಿದರು. ಅಜ್ಜಿ ಅವರಿಗಿಂತ ನಿಧಾನವಾಗಿ, ಕಿವುಡರಿಗೆ ಹೇಳುವ ಹಾಗೆ, ನೇರಳಮ್ಮ ಎಂದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಸೋಡಿಯಂ ಕಡಿಮೆಯಾದರೆ ಹೀಗೆ ಸ್ವಲ್ಪ ಕನ್‌ಫ್ಯೂಸ್ ಆಗುತ್ತಾರೆ, ಗಾಬರಿಯಾಗಬೇಡಿ, ತಲೆಯ ಸ್ಕ್ಯಾನ್ ಮಾಡಿ ನೋಡೋಣ ಎಂದರು.

ಇಪ್ಪತ್ತಾರು ವರ್ಷದಿಂದ ಅವಳ ಜೊತೆಗಿದ್ದೇನೆ. ರೇಷನ್ ಕಾರ್ಡು, ಓಟಿನ ಚೀಟಿ, ಅಪ್ಪನ ಮದುವೆ ಪತ್ರಿಕೆ, ಎಲ್ಲದರಲ್ಲೂ ಅವಳು ನಿರ್ಮಲ. ನೇರಳಮ್ಮ ಅನ್ನುವ ಹೆಸರನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ತಾತ ಎದ್ದು ಬಂದರು. ನಮ್ಮ ತಾತ ಮುನಿಆಂಜನಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಫಿಟ್ಟರ್ ಆಗಿದ್ದವರು. ಮಾತು ಕಡಿಮೆ. ಹೆಂಡತಿಯನ್ನು ಕರೆಯುವುದು "ಇವಳೇ" ಎಂದು ಮಾತ್ರ.

"ಡಾಕ್ಟ್ರೇ, ಅವಳ ತಲೆ ಸರ್ಯಾಗೇ ಐತೆ," ಎಂದರು. "ಅವಳೆಸ್ರು ಅದೇ. ನಿರ್ಮಲ ಅನ್ನೋದು ಕ್ವಾರ್ಟರ್ಸ್‌ಗೆ ಬಂದ್ಮೇಲೆ ಇಟ್ಕೊಂಡಿದ್ದು." ಆಮೇಲೆ ಅಜ್ಜಿಯ ಕಡೆ ತಿರುಗಿ, ಸ್ವಲ್ಪ ತಡೆದು, "ನೇರಳಮ್ಮ," ಎಂದರು.

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮದುವೆಯಾಗಿ ಐವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಅವರ ಬಾಯಲ್ಲಿ ತನ್ನ ಹೆಸರು ಕೇಳಿದ್ದಂತೆ. ಡಾಕ್ಟರು ವಾಜಿದ್ ತಾವೂ ನಕ್ಕು, ಚೀಟಿಯಲ್ಲಿ ನಿರ್ಮಲ ಅನ್ನುವುದರ ಪಕ್ಕದಲ್ಲಿ ನೇರಳಮ್ಮ ಎಂದು ಬರೆದರು. ಸೋಡಿಯಂ ನಿಜವಾಗಿಯೂ ಕಡಿಮೆಯಿತ್ತು. ಎರಡು ದಿನ ಇರಿಸಿಕೊಂಡು ಕಳಿಸಿದರು.

ಆ ಎರಡು ದಿನ ನಾನು ಅವಳ ಮಂಚದ ಪಕ್ಕದಲ್ಲೇ ಕೂತು ಕೇಳಿದೆ. ಅವಳೂ ಹೇಳುವುದಕ್ಕೆ ಕಾಯುತ್ತಿದ್ದವಳ ಹಾಗೆ ಹೇಳಿದಳು.

ಅಜ್ಜಿಯ ತವರು ಮುನಿಕೆರೆ. ಈಗ ಅದು ಅಪಾರ್ಟ್‌ಮೆಂಟುಗಳ ನಡುವಿನ ಎರಡು ಬೀದಿ. ಆಗ ರಾಗಿ ಹೊಲದ ಊರು. ಆ ಊರಿನಿಂದ ಹೆಂಗಸರು ನೇರಳೆ ಹಣ್ಣಿನ ಮಂಕರಿ ಹೊತ್ತು ಹಲಸೂರಿನ ಸಂತೆಗೆ ನಡೆದು ಹೋಗುತ್ತಿದ್ದರಂತೆ. ಹಾಗೆ ಹೋಗುತ್ತಿದ್ದ ಒಬ್ಬಳು ತುಂಬು ಬಸುರಿಗೆ ಹಲಸೂರು ಕೆರೆ ಏರಿಯ ಮೇಲೆ ನೋವು ಬಂತು. ಮಗು ಹುಟ್ಟಿದಾಗ ಇಡುವುದಕ್ಕೆ ಜಾಗವಿಲ್ಲದೆ ಜೊತೆಯವರು ಮಂಕರಿಯಲ್ಲಿ ಹಣ್ಣಿನ ಮೇಲೆಯೇ ಮಲಗಿಸಿದರು. ಹಣ್ಣು ಒಡೆದು ಮಗುವಿನ ಮೈಯೆಲ್ಲಾ ನೀಲಿಯಾಯಿತು. ಸತ್ತೇಹೋಯಿತು ಅಂದುಕೊಂಡು ತಾಯಿ ಅಳುವುದಕ್ಕೆ ಶುರು ಮಾಡುವಾಗ ಮಗುವೂ ಅತ್ತಿತು. ಅದಕ್ಕೇ ನೇರಳಮ್ಮ.

ಆ ಮಗು ಬೆಳೆದು ಸುತ್ತಲಿನ ನಾಲ್ಕು ಊರಿಗೆ ಸೂಲಗಿತ್ತಿಯಾಯಿತು. ಅವಳ ಕೈಗುಣ ಒಳ್ಳೆಯದು ಎಂದು ಎಲ್ಲರಿಗೂ ನಂಬಿಕೆ. ಅವಳದೊಂದು ಕಟ್ಟಳೆ ಇತ್ತು. ಗಂಡು ಹುಟ್ಟಿದರೆ ಒಂದು ಬಳ್ಳ ರಾಗಿ ಕೊಡಬೇಕು. ಹೆಣ್ಣು ಹುಟ್ಟಿದರೆ ಏನೂ ಕೊಡುವುದು ಬೇಡ, ಮಗುವಿಗೆ ಅವಳ ಹೆಸರಿಟ್ಟರೆ ಸಾಕು.

"ಯಾಕಂಗೆ?" ಎಂದೆ.

"ಹೆಣ್ಣಾದ್ರೆ ಮನೇಲಿ ಎಲ್ಲರ ಮುಖ ಇಳಿದೋಗಿರ್ತಿತ್ತಲ್ಲ. ಅವಯ್ಯಮ್ಮ ಮಾತ್ರ ಬಾಗಿಲಾಗೆ ನಿಂತು, ನನ್ನೆಸ್ರಿನೋಳು ಬಂದವ್ಳೆ, ಬೆಲ್ಲ ತತ್ತರ್ರಿ ಅನ್ನೋಳು. ಒಬ್ರಾದ್ರೂ ಖುಷಿಯಾಗೋರು ಇರ್ಲಿ ಅಂತ ಇರ್ಬೇಕು."

ಹಾಗಾಗಿ ಊರ ತುಂಬಾ ನೇರಳಮ್ಮಂದಿರಾದರು. ಅಜ್ಜಿಯ ಕ್ಲಾಸಿನಲ್ಲಿ ಹನ್ನೊಂದು ಹುಡುಗಿಯರಲ್ಲಿ ಏಳು ಜನ ನೇರಳಮ್ಮ. ಮೇಷ್ಟ್ರು ಹಾಜರಿ ಕೂಗುವಾಗ ತಲೆ ಕೆಟ್ಟು ಒಬ್ಬೊಬ್ಬರಿಗೂ ಮನೆಯ ಗುರುತು ಸೇರಿಸಿದರು. ಬಾವಿಮನೆ ನೇರಳಮ್ಮ, ಗಾಣದ ನೇರಳಮ್ಮ, ಚಾವಡಿ ನೇರಳಮ್ಮ. ನಮ್ಮಜ್ಜಿ ಹುಣಸೆಮರದ ನೇರಳಮ್ಮ.

ಅವಳು ಶಾಲೆ ಬಿಡುವ ಹೊತ್ತಿಗೆ ಊರಿನ ಬಸುರಿಯರು ಕಂಟೋನ್ಮೆಂಟಿನ ಹೆರಿಗೆ ಆಸ್ಪತ್ರೆಗೆ ಹೋಗತೊಡಗಿದ್ದರು. ಅಲ್ಲಿಂದ ಬರುವ ಮಕ್ಕಳಿಗೆ ಶೋಭಾ, ಉಷಾ, ಮಂಜುಳಾ ಎಂದು ಹೆಸರು. ಸೂಲಗಿತ್ತಿ ತೀರಿಕೊಂಡ ಮೇಲೆ ಒಬ್ಬರೂ ಆ ಹೆಸರು ಇಡಲಿಲ್ಲ.

ಅಜ್ಜಿ ಮದುವೆಯಾಗಿ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದಾಗ ಹದಿನೆಂಟು ವರ್ಷ. ನಲ್ಲಿಯ ಹತ್ತಿರ ಅಕ್ಕಪಕ್ಕದ ಹೆಂಗಸರು ಹೆಸರು ಕೇಳಿ, "ನೇರಳೆ ಹಣ್ಣಾ? ಎಲ್ಲಿ, ನಾಲಿಗೆ ತೋರ್ಸಿ," ಎಂದು ನಕ್ಕರು. ಮಾರನೆಯ ದಿನ ಮೆಡಿಕಲ್ ಕಾರ್ಡಿಗೆ ಹೆಸರು ಬರೆಸುವಾಗ ಗುಮಾಸ್ತರು ಕೇಳಿದ್ದಕ್ಕೆ ಅವಳೇ ನಿರ್ಮಲ ಅಂದುಬಿಟ್ಟಳು. ತಾತ ಪಕ್ಕದಲ್ಲೇ ಇದ್ದರು.

"ಬೇಜಾರಾಗ್ಲಿಲ್ವಾ ಅಜ್ಜಿ?"

"ಆಗ ಆಗ್ಲಿಲ್ಲ. ಸಲೀಸಾಯ್ತು ಅನ್ನಿಸ್ತು." ಆಮೇಲೆ ಹೇಳಿದಳು: "ಮೊನ್ನೆ ಬಿದ್ದೆನಲ್ಲ, ಕಣ್ಣು ಕತ್ಲಾದಾಗ ಯಾರೋ ನಿರ್ಮಲಮ್ಮ ನಿರ್ಮಲಮ್ಮ ಅಂತ ಕೂಗ್ತಾವ್ರೆ. ಯಾರನ್ನೋ ಕರೀತಾವ್ರೆ ಅಂದ್ಕೊಂಡು ಸುಮ್ಕೆ ಮಲಗಿದ್ದೆ."

ಮನೆಗೆ ಬಂದ ಮೇಲೆ ಲಕ್ಷ್ಮಿದೇವಿಗೆ ಈ ಕತೆ ಹೇಳಿದೆ. ಅವಳು ಯಾದಗಿರಿ ಕಡೆಯವಳು. ಗಂಡ ಅಂಬಣ್ಣ ಪೇಂಟಿಂಗ್ ಕೆಲಸ ಮಾಡುತ್ತಾನೆ. ಮರುದಿನದಿಂದಲೇ ಅವಳು ಮೆಟ್ಟಿಲ ಮೇಲಿಂದ, "ನೇರಳವ್ವಾ, ಚಾ ಆತೇನ್ರಿ?" ಎಂದು ಕೇಳತೊಡಗಿದಳು. ಒಂದು ವಾರದಲ್ಲಿ ಬೀದಿಯ ಹೂವಿನವಳೂ ಹಾಗೇ ಕರೆದಳು. ಅಜ್ಜಿ ಬೇಡ ಅನ್ನಲಿಲ್ಲ.

ಮೇ ತಿಂಗಳಲ್ಲಿ ಲಕ್ಷ್ಮಿದೇವಿಗೆ ಹೆಣ್ಣು ಮಗುವಾಯಿತು. ಊರಿನಿಂದ ಬಂದಿದ್ದ ಅತ್ತೆ ಅಮೃತಮ್ಮ ಕಾವೇರಿ ಎಂದು ಮೊದಲೇ ಗಟ್ಟಿ ಮಾಡಿದ್ದಳು. ತೊಟ್ಟಿಲ ದಿನ ಮಗುವಿನ ಕಿವಿಯಲ್ಲಿ ಕಾವೇರಿ ಅಂದರು, ಮನೆದೇವರ ಹೆಸರು ಅಂದರು. ಆಮೇಲೆ ಲಕ್ಷ್ಮಿದೇವಿ ಬಗ್ಗಿ ಮೂರನೆಯದಾಗಿ ನೇರಳವ್ವ ಅಂದಳು.

ಅಜ್ಜಿಗೆ ಗಾಬರಿ. "ಬ್ಯಾಡ ಕಣಮ್ಮ. ದೊಡ್ಡೋಳಾದ್ಮೇಲೆ ಎಲ್ರೂ ನಗ್ತಾರೆ."

"ಕಾಗದಕ್ಕ ಕಾವೇರಿ ಅದಾಳ್ರಿ. ಇದು ಮನ್ಯಾಗ ಕರೀಲಿಕ್ಕೆ," ಎಂದಳು ಲಕ್ಷ್ಮಿದೇವಿ. "ನಕ್ಕರ ನಗಲಿ, ನಿಮ್ಮಂಗ ಗಟ್ಟಿಯಾಗ್ಲಿ."

ಅಜ್ಜಿ ಒಳಗೆ ಹೋಗಿ ಡಬ್ಬಿಯಿಂದ ಬೆಲ್ಲದ ಅಚ್ಚು ತಂದು, ಬಂದಿದ್ದವರಿಗೆಲ್ಲ ಮುರಿದು ಮುರಿದು ಕೊಟ್ಟಳು.

ಉಳಿದ ಆರು ಜನ ಏನಾದರು ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮುನಿಕೆರೆಯ ನೆಂಟರದೊಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ನೇರಳಮ್ಮ ಅನ್ನುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಮೊದಲು ಬಂದ ಉತ್ತರಗಳೆಲ್ಲ ತೀರಿಕೊಂಡವರ ಬಗ್ಗೆ. ಯಾರದೋ ದೊಡ್ಡಮ್ಮ, ಯಾರದೋ ಅತ್ತೆ. ಮೂರು ದಿನದ ನಂತರ ಸಿದ್ಧಾರ್ಥ್ ಅನ್ನುವವನು ಒಂದು ಫೋಟೋ ಕಳಿಸಿದ. ಸುಕ್ಕುಗಟ್ಟಿದ ಮುಂಗೈ, ಅದರ ಮೇಲೆ ಹಸಿರು ಹಚ್ಚೆಯಲ್ಲಿ ನೇರಳಮ್ಮ. "ನಮ್ಮಜ್ಜಿ ಹೆಸರು ನೀಲಾ," ಎಂದು ಬರೆದಿದ್ದ. "ಇದು ಅವರಮ್ಮನ ಹೆಸರು ಅಂದ್ಕೊಂಡಿದ್ವಿ. ಇವತ್ತು ಕೇಳಿದ್ರೆ ನಂದೇ ಅಂತಾರೆ."

ಅವರ ಮನೆ ಸರ್ವಜ್ಞನಗರದಲ್ಲಿ. ನಮ್ಮಿಂದ ಏಳೆಂಟು ಕಿಲೋಮೀಟರು.

ಭಾನುವಾರ ಬೆಳಿಗ್ಗೆ ಅಜ್ಜಿ ರೇಷ್ಮೆ ಸೀರೆ ಉಟ್ಟು ಹೊರಟಳು. ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಒಂದೇ ಪ್ರಶ್ನೆ: "ಯಾವ ನೇರಳಮ್ಮ ಅಂತ ಕೇಳ್ಲಿಲ್ವೇನೆ ನೀನು?" ನಾನು ಕೇಳಿರಲಿಲ್ಲ. ಬೇಕರಿಯ ಹತ್ತಿರ ನಿಲ್ಲಿಸಿ ಒಂದು ಪ್ಲಮ್ ಕೇಕ್ ಕಟ್ಟಿಸಿಕೊಂಡೆವು. ಹಳೆಯ ಹೆಂಚಿನ ಮನೆ ಕೆಡವಿ ಕಟ್ಟಿದ ಫ್ಲಾಟು ಅದು, ಲಿಫ್ಟ್ ಇತ್ತು. ಅಜ್ಜಿ ಲಿಫ್ಟಿನಲ್ಲಿ ಮೂರು ಸಲ ಸೆರಗು ಸರಿಮಾಡಿಕೊಂಡಳು.

ಸಿದ್ಧಾರ್ಥ್ ಬಾಗಿಲು ತೆಗೆದ. ಒಳಗೆ ಸೋಫಾದ ತುದಿಯಲ್ಲಿ ಎತ್ತರದ, ಸಣಕಲು ಮುದುಕಿ, ಕೋಲು ಹಿಡಿದು ಏಳುತ್ತಿದ್ದಳು. ಇಬ್ಬರೂ ಅಷ್ಟು ದೂರದಿಂದಲೇ ಒಬ್ಬರನ್ನೊಬ್ಬರು ನೋಡಿದರು. ಅರವತ್ತು ವರ್ಷವಾದ ಮೇಲೆ ಒಬ್ಬರ ಬಾಯಲ್ಲಿ ಇನ್ನೊಬ್ಬರ ಹೆಸರು ಬರುತ್ತದೆ ಎಂದು ನಾನು ಕಾಯುತ್ತಾ ನಿಂತಿದ್ದೆ.

"ಬಾವಿಮನೆ," ಎಂದಳು ಅಜ್ಜಿ.

"ಹುಣಸೆಮರ," ಎಂದಳು ಅವಳು.

ಅಷ್ಟೇ. ನೇರಳಮ್ಮ ಅನ್ನುವುದು ಎಲ್ಲರ ಹೆಸರಾಗಿದ್ದರಿಂದ ಅವರು ಒಬ್ಬರನ್ನೊಬ್ಬರು ಹಾಗೆ ಕರೆದೇ ಇರಲಿಲ್ಲವಂತೆ. ಬಾವಿಮನೆಯವಳು ಅಜ್ಜಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಗಾಣದವಳು ಹೋದಳು, ಚಾವಡಿಯವಳೂ ಹೋದಳು, ಗುಡಿಹಿಂದಿನವಳು ಹೊಸಕೋಟೆಯಲ್ಲಿ ಮಗಳ ಹತ್ತಿರ ಇದ್ದಾಳೆ, ಇನ್ನಿಬ್ಬರು ಗೊತ್ತಿಲ್ಲ ಎಂದು ಒಬ್ಬೊಬ್ಬರ ಲೆಕ್ಕ ಒಪ್ಪಿಸಿದಳು.

"ನಿನ್ನೇನಂತ ಕರೀತಾರೆ ಈಗ?" ಎಂದು ಅಜ್ಜಿಯನ್ನು ಕೇಳಿದಳು.

"ನಿರ್ಮಲ ಅಂತ. ಈಚೆಗೆ ಕೆಲವ್ರು ನೇರಳವ್ವ ಅಂತಾರೆ."

"ಚೆನ್ನಾಗೈತೆ," ಎಂದಳು ಅವಳು. "ನಂಗೆ ಇವತ್ತಿಗೂ ನೀಲಾ ಅಂದ್ರೆ ನಮ್ ನಾದಿನೀನ ಕರ್ದಂಗಾಗ್ತದೆ."

ಸಿದ್ಧಾರ್ಥ್ ಕಾಫಿ ತಂದ. ನಾನು ಕೇಕ್ ಕತ್ತರಿಸಿದೆ. ಅವರಿಬ್ಬರಿಗೂ ನಮ್ಮ ಮೇಲೆ ಗಮನವಿರಲಿಲ್ಲ. ಹನ್ನೆರಡು ಗಂಟೆಗೆ ಹೊರಡೋಣವಾ ಎಂದು ಕೇಳಿದ್ದಕ್ಕೆ ಅಜ್ಜಿ, "ನೀನು ಹೋಗಿ ಸಾಯಂಕಾಲ ಬಾ," ಎಂದು ಹೇಳಿ, ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕಾಲು ಮಡಚಿ ಕೂತಳು.