ಎದುರುಸಾಲಿನ ದನಿ

ಹಾಡುವ ಕೊರಳಿನಲ್ಲಿಯೂ ಆಲಿಸುವ ಕಿವಿಯಲ್ಲಿಯೂ ಒಂದೇ ಸಮನೆ ನೆಲೆಸಿರುವ ಧಾರೇಶ್ವರನ ಅಡಿಗಳಿಗೆ ವಂದಿಸಿ ಈ ಕಥೆ ತೊಡಗಲಿ.

ಮಗಳು ಅಂಕಿತಳ ಕೆನ್ನೆಗೆ ಅರಿಶಿನ ಮುಟ್ಟಿಸಿದೊಡನೆ ಹನುಮಕ್ಕನಿಗೆ ಆ ಹಳದಿ ಉರಿಯುವಂತೆ ಕಂಡಿತು. ಚಪ್ಪರದ ಸಂದಿನಿಂದ ಇಳಿದ ಬೆಳಗು, ಅಘನಾಶಿನಿ ಹೊಳೆಯ ಮೇಲಿನ ಮಂಜು, ಹೆಂಗಸರ ಕೈಬಳೆಗಳು, ಎಲ್ಲವೂ ತನ್ನೊಬ್ಬಳಿಗಾಗಿಯೇ ಹೊಳೆಯುತ್ತಿವೆ ಎನಿಸಿತು. ರಾತ್ರಿ ಕಣ್ಣು ಮುಚ್ಚಿರಲಿಲ್ಲ, ಆದರೂ ಆಯಾಸವೆಂಬುದಿಲ್ಲ.

“ಹೊಳೆಯಾಚೆ ಬೆಳಗಾತು, ಅರಿಶಿನ ತನ್ನಿರೆ…”

ಹೆಂಗಸರು ಎರಡು ಸಾಲಾಗಿ ಕುಳಿತಿದ್ದರು. ಹನುಮಕ್ಕ ಒಂದು ನುಡಿ ಹೇಳಿ ನಿಲ್ಲಬೇಕು. ಎದುರುಸಾಲಿನಿಂದ ನಾದಿನಿ ಮಾಸ್ತಮ್ಮ ಅದನ್ನೇ ಹಿಡಿದು ಮರಳಿಸಬೇಕು. ಮದುವೆಯ ಪದಗಳಿಗೆ ಆ ಊರಿನಲ್ಲಿ ಅದೇ ಕ್ರಮ.

ತೊಂಬತ್ತೊಂಬತ್ತರ ಬೇಸಗೆಯಲ್ಲಿ, ಮಗ ಉದಯನ ಮದುವೆಯಲ್ಲಿ, ಅವಳು ನಿಲ್ಲಲೇ ಇಲ್ಲ. ಎದುರುಸಾಲಿಗೆ ಎಡೆಗೊಡದೆ ಹಾಡಿಯೇ ಹಾಡಿದಳು. “ಅಮ್ಮ ಮೈಮೇಲೆ ಬಂದಾಳೆ” ಎಂದು ಜನ ಕಾಲಿಗೆರಗಿ ಕಾಯಿ ಒಡೆದರು. ಮದುವೆ ಮುಗಿದರೂ ಪದ ಮುಗಿಯಲಿಲ್ಲ. ಕೊನೆಗೆ ಹಾಡುತ್ತ ಹಾಡುತ್ತ ಭರತಕ್ಕೆ ಉಕ್ಕಿದ್ದ ಹೊಳೆಗೆ ಇಳಿದವಳನ್ನು ಗಂಡ ಶುಕ್ರ ಎಳೆದು ತಂದ. ಮಳೆಗಾಲವಿಡೀ ಅವಳು ಗೋಡೆಗೆ ಮುಖಮಾಡಿ ಮಲಗಿದಳು. “ಅಮ್ಮ ಬಿಟ್ಟುಹೋದಳು” ಎಂದಿತು ಊರು. ಅವಳೂ ಹಾಗೆಯೇ ನಂಬಿದಳು. ಮತ್ತೆ ಹೊಳೆಯನ್ನೇ ನೆನೆದಳು.

ಶುಕ್ರ ಅವಳನ್ನು ಕುಮಟೆಗೆ ಕರೆದೊಯ್ದ. ಮನಸ್ಸು ಮಿತಿಮೀರಿ ಏರಿ, ಅಷ್ಟೇ ಆಳಕ್ಕೆ ಕುಸಿಯುವ ಕಾಯಿಲೆಯಿದು ಎಂದು ವೈದ್ಯರು ಗುಳಿಗೆ ಬರೆದರು. ಪಕ್ಕದ ಕೋಣೆಯಲ್ಲಿ ಶ್ರೀಮತಿ ಎಂಬ ಆಪ್ತಸಮಾಲೋಚಕಿ ಅವಳೊಡನೆ ಕುಳಿತಳು.

“ಗುಳಿಗಿ ನುಂಗಿದ್ರೆ ಪದ ಹೋಗ್ತದೆ ಅಕ್ಕೋರೆ. ಪದ ಹೋದ್ಮೇಲೆ ನಾ ಎಂತಕ್ಕೆ?”

“ಒಂದು ಪದ ಹೇಳಿ, ಕೇಳ್ತೆ.”

ಹನುಮಕ್ಕ ಕ್ಷೀಣದನಿಯಲ್ಲಿ ಒಂದು ನುಡಿ ಹೇಳಿ ನಿಂತಳು.

“ಮುಂದೆ?”

“ಎದುರಿನವ್ರು ಹೇಳ್ಬೇಕಲ್ರಾ! ಇಷ್ಟು ಓದೀರಿ, ಅಷ್ಟೂ ಗೊತ್ತಿಲ್ವ?” ಎಷ್ಟೋ ತಿಂಗಳ ಮೇಲೆ ಅವಳ ತುಟಿಯಲ್ಲಿ ನಗೆ ಬಿರಿಯಿತು.

“ಮಗನ ಮದುವೇಲಿ ಎದುರಿನವರು ಹೇಳಿದ್ರಾ?”

ಕಿಟಕಿಯಾಚೆ ಬಸ್ಸೊಂದು ಹೊನ್ನಾವರದ ಕಡೆಗೆ ಹೊರಟುಹೋಯಿತು.

“ನಾ ಬಿಡ್ಲೇ ಇಲ್ಲ.”

ಆ ಮಾತಿನಿಂದಲೇ ದಾರಿ ತೆರೆಯಿತು. ಇಬ್ಬರೂ ಕೂಡಿ ಗೊತ್ತುಮಾಡಿಕೊಂಡರು: ಗುಳಿಗೆ ಬಿಡಬಾರದು. ಎಡೆಗೊಡಲಾಗದ ದಿನ, ನಿದ್ದೆ ಬಾರದ ದಿನ ಆಸ್ಪತ್ರೆಗೆ ಬರಬೇಕು. ಏಳಲಾಗದ ದಿನ ಹಾಡಬೇಕಿಲ್ಲ. ಇಳಿತದ ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕುತ್ತ ಹಾಡುವ ಮಾಸ್ತಮ್ಮನ ಹಿಂದೆ ಸುಮ್ಮನೆ ಹೂಂಗುಟ್ಟಿದರೆ ಸಾಕು. ಹೀಗೆ ಹೂಂಗುಟ್ಟುತ್ತಲೇ ಅವಳು ಅಂಕಿತಳ ಮದುವೆಯವರೆಗೆ ಬಂದಿದ್ದಳು.

ಇಂದು ಮೊದಲ ನುಡಿಯ ಬೆನ್ನಿಗೇ ಎರಡನೆಯದು ಹೊಮ್ಮಿತು, ಮೂರನೆಯದು ಅದರ ಹೆಗಲೇರಿತು. ಚಪ್ಪರ ತೇಲಿದಂತಾಯಿತು. ಮುದುಕಿ ಕಾಳಿ ಎರಡೂ ಕೈ ಎತ್ತಿ ಮುಗಿದಳು. “ಅಮ್ಮ ಬಂದ್ಲು! ಕಾಯಿ ತಕಂಡ್ ಬಾರೆ!”

ಆ ಮುಗಿದ ಕೈಗಳನ್ನು ಹನುಮಕ್ಕ ನೋಡಿದಳು. ಅರಿಶಿನ ಮೆತ್ತಿದ ಮಗಳ ಮುಖವನ್ನು ನೋಡಿದಳು. ಇಲ್ಲಿಗೆ ನಿಲ್ಲಿಸಿದರೆ ಪದ ಮತ್ತೆ ಬಾರದೇ ಹೋದೀತೆಂದು ಹೆದರಿದಳು. ಆದರೂ, ನಾಲಗೆಯ ತುದಿಗೆ ಬಂದ ನಾಲ್ಕನೆಯ ನುಡಿಯನ್ನು ಹಲ್ಲು ಕಚ್ಚಿ ತಡೆದು, ಬಾಯಿ ಮುಚ್ಚಿದಳು.

ಎದುರುಸಾಲಿನತ್ತ ತಿರುಗಿದಳು.

“ಅಂತೂ ನಂಗೂ ಪಾಳಿ ಬಂತು ಅತ್ಗೆ! ಕಾದು ಕಾದು ಕೊರಳು ಒಣಗಿತ್ತು,” ಎಂದಳು ಮಾಸ್ತಮ್ಮ. ಎಲ್ಲರೂ ನಕ್ಕರು.

“ನಾಳೆ ನನ್ನ ಕುಮಟೆಗೆ ಕರ್ಕಂಡ್ ಹೋಗೆ. ರಾತ್ರಿ ನಿದ್ದೆ ಬರ್ಲಿಲ್ಲ.”

“ಆತು. ಈಗ ಕೇಳು.”

ಹೊಳೆಯಾಚೆ ಬೆಳಗಾತು… ಎದುರುಸಾಲಿನಿಂದ ಪದ ನಿಧಾನವಾಗಿ ಮರಳಿ ಬಂದಿತು. ಹನುಮಕ್ಕ ಕಣ್ಣು ಮುಚ್ಚಿ ಕೇಳಿದಳು. ಅವಳ ಬೆರಳ ಸಂದಿನಲ್ಲಿ ಅರಿಶಿನ ಮೆಲ್ಲಗೆ ಆರುತ್ತಿತ್ತು.

ಕೇಳಿದವರೆಲ್ಲರಿಗೂ ಎದುರುಸಾಲಿನಲ್ಲೊಂದು ದನಿಯಿರಲಿ. ಕಣ್ತುಂಬ ನಿದ್ದೆ ಬರಲಿ.