ಹಿಡಿಕಡ್ಡಿ

"ನಾಲ್ಗಿ ಎತ್ತ್ ಬಾಗೀ. ಇನ್ನೂ ಮೇಲ್. ಅರ್ಧ ಬಾಯಿ ಯಾರಿಗ್ ತೋರ್ಸುದ್?"

ಬಾಗಿ ನಾಲಿಗೆ ಎತ್ತಿದಳು. ಪಟೇಲನ ಹೆಂಡತಿ ಚಂದ್ರಮತಮ್ಮನ ಕೈಯಲ್ಲಿದ್ದ ಹಿಡಿಕಡ್ಡಿ, ತೆಂಗಿನ ಪೊರಕೆಯ ಕಡ್ಡಿ, ಒಳಗೆ ಹೋಗಿ ಎಡದವಡೆಯ ಸಂದಿಯಲ್ಲೊಮ್ಮೆ, ಬಲದವಡೆಯ ಸಂದಿಯಲ್ಲೊಮ್ಮೆ ಗೋರಿತು. ಬಾಗಿಗೆ ಓಕರಿಕೆ ಬಂದು ಕಣ್ಣಲ್ಲಿ ನೀರು ನಿಂತಿತು.

"ಇದೆಂತ ಇದ್?" ಕಡ್ಡಿಯ ತುದಿಯಲ್ಲೊಂದು ಬಿಳಿಯ ಚೂರು. "ಅಕ್ಕಿ ಅಲ್ದನೇ ರಂಡಿ?"

"ಬೆಳ್ಗಿನ್ ಗಂಜಿ ಅಗಳ್, ಅಮ್ಮ."

"ನಿಮ್ ಗಂಜಿ ಅಗಳ್ ಕೆಂಪ್ ಇರತ್ತ್. ಇದ್ ಬೆಳ್ಳಗಿತ್ತ್. ದೇವ್ರ್ ಅಕ್ಕಿ ಕದ್ದ್ ತಿಂದ್ರೆ ಕರುಳಿಗ್ ಹುಳ ಬೀಳತ್ತ್, ಕಾಣ್. ನಾಳೆ ಮತ್ತೆ ಸಿಕ್ರೆ ಈ ಕಡ್ಡಿ ಗಂಟ್ಲಿಂದ ಕೆಳ್ಗ್ ಇಳ್ಸ್ತೆ. ಹೋಗ್, ಆಚಿಗ್ ನಿಲ್ಲ್."

ಚಂದ್ರಮತಮ್ಮ ಕಡ್ಡಿಯನ್ನು ಕಂಬಕ್ಕೆ ಒರಸಿ ಮುಂದಿನವಳತ್ತ ತಿರುಗಿದಳು. ಮುಂದಿನವಳು ಬಾಗಿಯ ಅಬ್ಬಿ, ಹೆತ್ತ ತಾಯಿ ಸುಗುಣ. ಏಳು ಹೆಂಗಸರ ಏಳು ಬಾಯಿಗೂ ಒಂದೇ ಕಡ್ಡಿ. ಕಡೆಯ ಬಾಯಿ ಮುಗಿದ ಮೇಲೆ ಅದು ಮಾಡಿನ ಮೇಲೆ ಬೀಳುತ್ತಿತ್ತು. ಮರುದಿನ ಪೊರಕೆಯಿಂದ ಹೊಸದೊಂದನ್ನು ಸೆಳೆಯುತ್ತಿದ್ದಳು.

ಕೋಟದಿಂದ ಮೂಡಣಕ್ಕೆ ಒಂದು ಹರದಾರಿ ನಡೆದರೆ ಪಟೇಲ ಗೋವರ್ಧನಯ್ಯನ ಮನೆ. ದೇವಸ್ಥಾನದ ಸಮಾರಾಧನೆಗೆ ಹುಲ್ಲಿನಲ್ಲಿ ಕಟ್ಟಿದ ಇಪ್ಪತ್ತು ಮುಡಿ ಬೆಳ್ತಿಗೆ ಅಕ್ಕಿ ಕೊಡುತ್ತೇನೆಂದು ಆತ ಒಪ್ಪಿಕೊಂಡಿದ್ದ. ಒಪ್ಪಿಕೊಂಡವನು ಆತ, ಒನಕೆ ಹಿಡಿದವರು ಹಿತ್ತಲ ಬಿಡಾರಗಳ ಹೆಂಗಸರು. ಬೆಳ್ತಿಗೆಯೆಂದರೆ ಬೇಯಿಸದ ಭತ್ತದ ಅಕ್ಕಿ. ಹಸಿಯಾಗಿ ಬಾಯಿಗೆ ಹಾಕಿಕೊಂಡರೆ ಹಾಲಿನಂಥ ಸಿಹಿ. ಹಸಿದವರು ಒಂದು ಚಿಟಿಕೆ ಬಾಯಿಗೆಸೆಯದೆ ಇರುವುದು ಕಷ್ಟ. ಅದಕ್ಕೇ ಸಂಜೆ ಮೊದಲು ಸೆರಗು ಕೊಡವಬೇಕು, ಆಮೇಲೆ ಬಾಯಿ ಬಿಡಬೇಕು. ಚಂದ್ರಮತಮ್ಮನ ಅತ್ತೆಯ ಕಾಲದಿಂದಲೂ ಹಾಗೆಯೇ. ಬಾಗಿ ಒನಕೆ ಹಿಡಿದದ್ದು ಹನ್ನೊಂದನೆಯ ವರ್ಷಕ್ಕೆ. ಈಗ ಅವಳಿಗೆ ಹತ್ತೊಂಬತ್ತು.

"ನಿನ್ ಬಾಯಿ ಕಾಂಬುದೇ ಬ್ಯಾಡ," ಎಂದಳು ಚಂದ್ರಮತಮ್ಮ, ಸುಗುಣಳ ಬೋಳು ವಸಡುಗಳನ್ನು ನೋಡಿ. "ಹಲ್ಲಿಲ್ದ್ ಬಾಯಂಗ್ ಎಂತ ಅಗಿತೆ ನೀನ್?" ಆದರೂ ಕಡ್ಡಿ ಹಾಕಿ ನೋಡಿದಳು.

ಕೂಲಿಯೆಂದು ಅವರಿಗೆ ಸಿಕ್ಕಿದ್ದು ಕುಚ್ಚಲಕ್ಕಿಯ ಕೆಂಪು ನುಚ್ಚು. ಚಂದ್ರಮತಮ್ಮ ಮೇಲಿನಿಂದ ಸುರಿದಳು, ಹೆಂಗಸರು ಕೆಳಗೆ ಸೆರಗೊಡ್ಡಿದರು. ಚೆಲ್ಲಿದ್ದನ್ನು ಕೋಳಿಗಳು ಹೆಕ್ಕಿದವು. ಕೋಳಿಗಳ ಬಾಯಿಗೆ ಯಾರೂ ಕಡ್ಡಿ ಹಾಕಲಿಲ್ಲ.

*

ಎಲ್ಲಿಗೆ ಹೋಗುವುದು ಎಂಬ ಲೆಕ್ಕಾಚಾರ ಬಾಗಿಯ ತಲೆಯಲ್ಲಿ ಶುರುವಾಗಿ ಒಂದು ವರ್ಷವೇ ಆಗಿತ್ತು. ಹೋಗುವುದೋ ಬೇಡವೋ ಎಂಬುದು ಯಾವತ್ತೋ ತೀರ್ಮಾನವಾಗಿತ್ತು. ಉಳಿದದ್ದು ಯಾವ ಪೇಟೆ ಎಂಬುದೊಂದೇ. ಯಾವ ಪೇಟೆಯಲ್ಲಿ ಒಬ್ಬಳು ಹೆಣ್ಣು ದುಡಿದು, ಮಲಗಲೊಂದು ಜಾಗ ಹಿಡಿದು, ಎರಡು ಹೊತ್ತು ಉಂಡು, ತಿಂಗಳಿಗಿಷ್ಟು ಅಬ್ಬಿಗೆ ಕಳಿಸಬಹುದು? ಪೇಟೆ ಕಂಡು ಬಂದವರು ಯಾರೇ ಸಿಗಲಿ, ಅವಳು ಕೇಳುವುದು ಮೂರೇ ಮಾತು. ಅಕ್ಕಿ ಹೇಗೆ? ಮಲಗುವುದೆಲ್ಲಿ? ಹೆಂಗಸರಿಗೆ ಕೆಲಸವೇನು?

ಘಟ್ಟ ಹತ್ತಿ ಭದ್ರಾವತಿಯ ಕಬ್ಬಿಣದ ಕೆಲಸಕ್ಕೆ ಹೋಗಿದ್ದ ನೆರೆಮನೆಯ ಸುಬ್ಬ ಹೊಟ್ಟೆ ಉಬ್ಬಿಸಿಕೊಂಡು, ಚಳಿಜ್ವರ ಹೊತ್ತುಕೊಂಡು ಬಂದಿದ್ದ. ಅವನನ್ನು ಏನೂ ಕೇಳಬೇಕಾಗಲಿಲ್ಲ. ನೋಡಿದರೆ ಸಾಕಿತ್ತು.

ಮುಂಬಯಿಯ ಸುದ್ದಿ ಹೇಳಿದವನು ಸೋದರಮಾವನ ಮಗ ಮಂಜ. ಅಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದವನು, ಬಂದರಿನಲ್ಲಿ ಹಡಗು ಸಿಡಿದ ಮೇಲೆ ಹೆದರಿ ಊರಿಗೆ ಓಡಿಬಂದಿದ್ದ. ಬಂದವನು ಮಾತಿಗೊಮ್ಮೆ ಹಿಂದಿ ಸೇರಿಸುತ್ತಿದ್ದ.

"ಬೊಂಬಾಯಿಯಂಗೆ ಖೋಲಿ ಸಿಕ್ಕುದಾ? ಅರೆ ಬಾಬಾ! ನಾನ್ ಮಲ್ಗುದ್ ಮೆಟ್ಲ್ ಅಡಿಗೆ. ಅದೂ ಪಾಳಿ ಮೇಲೆ. ನಾನ್ ಎದ್ದ್ ಹೊರ್ಗ್ ಬಂದ್ರೆ ಇನ್ನೊಬ್ಬ ಒಳ್ಗ್ ನುಗ್ಗ್ತ, ಚಾಪಿ ಬಿಸಿ ಆರುಕಿಲ್ಲೆ. ಹೆಣ್ಣ್ ಮಕ್ಕಳ್ ಹ್ವಾಪ್ ಊರಲ್ಲ ಮಾರಾಯ್ತಿ ಅದ್."

"ಮತ್ತ್ ಯಾವ್ ಊರ್ ಹೆಣ್ಣ್ ಮಕ್ಕಳ್ದ್?" ಎಂದಳು ಬಾಗಿ. "ಇದಾ?"

ಮಂಜ ಬೀಡಿ ಕಚ್ಚಿಕೊಂಡು ಬೆಂಕಿಕಡ್ಡಿ ಗೀರಿದ.

ಉಳಿದದ್ದು ಮಂಗಳೂರು. ಆ ವಾರ ವನಜ ಊರಿಗೆ ಬಂದಿದ್ದಳು. ಮೊದಲು ಬಾಗಿಯ ಪಕ್ಕದ ಒರಳಿನಲ್ಲೇ ಕುಟ್ಟುತ್ತಿದ್ದ ಹುಡುಗಿ. ಈಗ ಮಂಗಳೂರಿನ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಬೀಜ ಒಡೆಯುತ್ತಿದ್ದಳು. ಬೆರಳುಗಳು ಸಿಪ್ಪೆಯ ಎಣ್ಣೆಗೆ ಸುಟ್ಟು, ಸುಲಿದು, ಕರಿಬೂದಿ ಬಣ್ಣಕ್ಕೆ ತಿರುಗಿದ್ದವು. ಆದರೆ ಮೈಮೇಲೆ ಹರಿಯದ ಸೀರೆಯಿತ್ತು.

"ನಾಕ್ ಜನ ಒಂದ್ ಕೋಣಿ. ಒಬ್ಳ್ ಮದಿ ಆಯಿ ಗಂಡ್ನ್ ಮನಿಗ್ ಹೋಯ್ಳ್. ಗೋಡಿ ಬದಿ ಜಾಗ ಖಾಲಿ ಇತ್ತ್," ಎಂದಳು ವನಜ. "ಗಂಜಿ ಒಟ್ಟಿಗೆ ಬೇಸ್ಕಂತೊ, ಸೌದಿ ಖರ್ಚ್ ನಾಕ್ ಪಾಲ್. ಬೊಂಬಾಯಿ ಮೆಟ್ಲ್ ಅಡಿಗಿನ್ ಬಾಡ್ಗಿಗೆ ನಮ್ಗ್ ಇಡೀ ಕೋಣಿ ಸಿಕ್ಕತ್ತ್. ಬಪ್ಪುದಾರೆ ಸೋಮಾರ ನನ್ನೊಟ್ಟಿಗೇ ಬಾ. ತಡ ಮಾಡ್ರೆ ಜಾಗ ಬೇರೆಯವ್ಳ್ ಹಿಡಿತ್ಳ್."

"ಅಲ್ಲ್ ಬಾಯ್ ಬಿಡುದಿಲ್ಲೆ ಅಲ್ದಾ?"

ವನಜ ತನ್ನ ಬೆರಳು ನೋಡಿಕೊಂಡಳು. "ಸಂಜಿಗ್ ಗೇಟಿನಂಗೆ ಒಂದ್ ಚೆಂಬ್ ನೀರ್ ಕೊಡ್ತ್ರ್. ಬಾಯ್ ಮುಕ್ಕಳ್ಸಿ ಬೆಳಿ ಬಟ್ಟೆ ಮೇಲ್ ಉಗಿಕ್. ಗೇರ್‌ಬೀಜದ್ ಚೂರ್ ಕಂಡ್ರೆ ಆ ದಿನದ್ ಮಜೂರಿ ಇಲ್ಲೆ."

"ಥೂ! ಅಲ್ಲೂ ಹಾಂಗೆಯಾ?"

"ಹಾಂಗೆಯೇ. ಆರೆ ಕಡ್ಡಿ ಹಾಕುದಿಲ್ಲೆ ಹೆಣೆ. ಮತ್ತೆ ಅಲ್ಲ್ ಬಿಟ್ಟ್ ಬಾಯಿಗೆ ವಾರಕ್ಕೊಂದ್ ಸಲ ದುಡ್ಡ್ ಬೀಳತ್ತ್. ಇಲ್ಲ್ ಬಿಟ್ಟ್ ಬಾಯಿಗೆ ಎಂತ ಬಿತ್ತ್?"

ಒಲೆಯ ಮುಂದಿದ್ದ ಸುಗುಣ ನುಚ್ಚಿನ ಗಂಜಿ ತಿರುವುತ್ತ ಕೇಳಿದಳು. "ಬಾಯ್ ಬಿಡ್ದೆ ಬದ್ಕುಕಾಪ್ ಪೇಟಿ ಯಾವ್ದೂ ಇಲ್ಲ್ಯಾ ಹಂಗಾರೆ?"

"ಇತ್ತ್ ಅತ್ತೆ," ಎಂದ ಮಂಜ ಬಾಗಿಲಿನಿಂದ. "ಮಸಣ."

ಆ ಕ್ಷಣವೇ ಬಾಗಿ ಮಂಗಳೂರು ಎಂದು ನಿಶ್ಚಯ ಮಾಡಿದಳು. ಅಲ್ಲಿಂದಾದರೆ ಅಬ್ಬಿ ಹಾಸಿಗೆ ಹಿಡಿದಳೆಂದು ಸುದ್ದಿ ಬಂದ ದಿನವೇ ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ, ಮಾಬುಕಳದ ಕಡವಿನಲ್ಲಿ ಹೊಳೆ ದಾಟಿ, ಕತ್ತಲಾಗುವುದರೊಳಗೆ ಮನೆ ಸೇರಬಹುದು.

ತೊಡಕೊಂದಿತ್ತು. ಯುದ್ಧದ ಕಾಲ, ಪೇಟೆಯಲ್ಲಿ ಅಕ್ಕಿಗೆ ರೇಷನ್ನು. ಊರಿನ ಕಾರ್ಡಿನಿಂದ ಹೆಸರು ತೆಗೆದಿದೆಯೆಂದು ಪಟೇಲ ಚೀಟಿ ಬರೆದುಕೊಟ್ಟರೆ ಮಾತ್ರ ಅಲ್ಲಿ ಅಕ್ಕಿ. ಚೀಟಿಯಿಲ್ಲದವಳಿಗೆ ಕಳ್ಳಸಂತೆಯ ಅಕ್ಕಿಯೇ ಗತಿ. ಅದನ್ನು ಕೊಂಡು ಉಣ್ಣುವ ಮಜೂರಿ ಯಾವ ಕಾರ್ಖಾನೆಯಲ್ಲೂ ಇರಲಿಲ್ಲ.

"ಅವ್ರ್ ಕೊಡುಕಿಲ್ಲೆ, ಕಾಣ್," ಎಂದ ಮಂಜ. "ನಿಮ್ ಕಾರ್ಡ್ ಯಾರ್ ಪೆಟ್ಗಿಯಂಗಿತ್ತ್? ಅವ್ರ್ ಪೆಟ್ಗಿಯಂಗೆ. ನಿನ್ ಹೆಸ್ರಿನ್ ಚಿಮ್ಣೆಣ್ಣಿ ಯಾರ್ ಮನಿಯಂಗ್ ಹೊತ್ತತ್ತ್?"

ಬಿಡಾರದಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯದಲ್ಲ, ಹೊನ್ನೆಕಾಯಿ ಎಣ್ಣೆಯ ದೀಪ. ಬಾಗಿ ಅದನ್ನೊಮ್ಮೆ ನೋಡಿದಳು.

*

ಮರುದಿನ ಬೆಳಿಗ್ಗೆ ಅವಳು ಪಟೇಲನ ಅಂಗಳದಲ್ಲಿ ನಿಂತಳು. ಗೋವರ್ಧನಯ್ಯ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಬಾಗಿ ಮಂಗಳೂರಿಗೆ ಹೋಗುವ ಮಾತೆತ್ತಿದಳು. ಆತ ಎಲೆ ಮಡಚಿ, ಬಾಯಿಗಿಟ್ಟು, ಅಗಿದು, ಅಂಗಳಕ್ಕೆ ಉಗಿದ. ಉಗುಳು ಬಾಗಿಯ ಕಾಲಿನ ಹತ್ತಿರವೇ ಬಿತ್ತು.

"ಮಂಗ್ಳೂರಾ? ನಿಂಗ್ ಮಂಗ್ಳೂರ್ ಎಂತಕ್ಕೆ? ಇಲ್ಲಿನ್ ಗಂಡಸ್ರ್ ಸಾಕಾಯ್ಲಿಲ್ಯಾ?"

"ಗೇರ್‌ಬೀಜದ್ ಕೆಲ್ಸಕ್ಕೆ ಒಡೇರೆ. ಒಂದ್ ಚೀಟಿ ಬರ್ದ್ ಕೊಡ್ಕ್."

"ಚೀಟಿ ಕೊಡ್ತೆ. ಕೊಡುದಿಲ್ಲ ಅಂದ್ನಾ? ದೇವ್ರ್ ಅಕ್ಕಿ ಅರ್ಧ ಕುಟ್ಟಿ ಬಿಟ್ಟ್ ಹೋದ್ರೆ ನಿಂಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ. ಆಯ್ತಾರದೊಳ್ಗೆ ಇಪ್ಪತ್ತ್ ಮುಡಿ ಆಯ್ಕ್. ಆಯ್ತಾರ ಸಂಜಿಗ್ ಬಾ, ಬರ್ದಿಟ್ಟಿರ್ತೆ."

ಬಾಗಿ ಕೈ ಮುಗಿದಳು. ಆ ನಾಲ್ಕು ದಿನ ಅವಳು ಕುಟ್ಟಿದಂತೆ ಆ ಅಂಗಳದಲ್ಲಿ ಯಾರೂ ಕುಟ್ಟಿರಲಿಲ್ಲ. ಅಂಗೈಯ ಬೊಕ್ಕೆ ಒಡೆದು ಒನಕೆಗೆ ಅಂಟಿತು. ಬಾಳೆನಾರು ಸುತ್ತಿಕೊಂಡು ಮತ್ತೆ ಎತ್ತಿದಳು. ಸಂಜೆ ಬಾಯಿ ಬಿಟ್ಟಳು, ನಾಲಿಗೆ ಎತ್ತಿದಳು, ನುಚ್ಚಿಗೆ ಸೆರಗೊಡ್ಡಿದಳು. ಒಂದು ಅಗಳನ್ನೂ ಬಾಯಿಗೆಸೆಯಲಿಲ್ಲ. ಕಡ್ಡಿಗೆ ಏನೂ ಸಿಗದ ದಿನಗಳಲ್ಲಿ ಚಂದ್ರಮತಮ್ಮನ ಮುಖ ಇನ್ನಷ್ಟು ಸಿಂಡರಿಸುತ್ತಿತ್ತು.

ಭಾನುವಾರ ಸಂಜೆಯ ಹೊತ್ತಿಗೆ ಹದಿನಾರು ಮುಡಿ ಸಿದ್ಧವಾಗಿ ಸಾಲಾಗಿ ಕೂತಿದ್ದವು. ಮುಡಿ ಕಟ್ಟುವ ಗುರುವ ಹುಲ್ಲಿನ ಹಗ್ಗ ಬಿಗಿದು, ಕೊಡತಿಯಿಂದ ಬಡಿದು ಗುಂಡು ಮಾಡುತ್ತಿದ್ದ. ಉಳಿದ ನಾಲ್ಕು ಮುಡಿಯ ಅಕ್ಕಿ ಸೆಗಣಿ ಸಾರಿಸಿದ ಅಂಗಳದಲ್ಲಿ ಹೊಸ ಚಾಪೆಯ ಮೇಲೆ ರಾಶಿ ಬಿದ್ದಿತ್ತು. ಮಡಿಯ ಅಕ್ಕಿಯೆಂದು ರಾಶಿಯ ನೆತ್ತಿಗೊಂದು ತುಳಸಿಕುಡಿ ಸಿಕ್ಕಿಸಿದ್ದರು. ದೇವಸ್ಥಾನದ ಗಾಡಿ ಆಗಲೇ ಹೊರಟಿದೆಯೆಂದು ಸುದ್ದಿ ಬಂದಿತ್ತು.

ಒನಕೆ ಗೋಡೆಗೊರಗಿಸಿ ಬಾಗಿ ಜಗುಲಿಯ ಕೆಳಗೆ ಬಂದಳು.

"ಒಡೇರೆ, ಚೀಟಿ."

"ಯಾವ್ ಚೀಟಿ?" ಎಂದ ಗೋವರ್ಧನಯ್ಯ. ಆಮೇಲೆ ನೆನಪಾದವನಂತೆ ತೊಡೆ ತಟ್ಟಿಕೊಂಡ. "ಓ, ಮಂಗ್ಳೂರಿಂದಾ! ಬರಿಲಕ್. ಅದ್ಕೇನ್. ಆರೆ ನಿಮ್ ಬಿಡಾರ ಎಷ್ಟ್ ಒನ್ಕಿ ಬಿಡಾರ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಹಿತ್ತಲ ಬಿಡಾರಗಳನ್ನು ಪಟೇಲನ ಮನೆಯವರು ಅಳೆಯುತ್ತಿದ್ದದ್ದು ಕೋಲಿನಿಂದಲ್ಲ, ಒನಕೆಯಿಂದ. ಬಾವಿಯ ಹತ್ತಿರದ ಬಿಡಾರಕ್ಕೆ ಎರಡು ಒನಕೆ ಸಲ್ಲಬೇಕು. ಒಂದೇ ಒನಕೆಯವರಿಗೆ ತೋಡಿನಾಚೆಯ ಉಪ್ಪುನೀರಿನ ಜಾಗ.

"ಎರಡ್ ಒನ್ಕಿದ್ ಅಲ್ದಾ? ಒಂದ್ ಮಂಗ್ಳೂರಿಗ್ ಹೋದ್ರೆ ಉಳುದ್ ಎಷ್ಟ್? ನಿನ್ನಬ್ಬಿ ನಾಳೆ ಬೆಳಿಗ್ಗೆ ಚಟ್ಟಿ ಮಡ್ಕಿ ಹೊತ್ಕಂಡ್ ತೋಡಿನ್ ಆಚಿಗ್ ಹೋಯ್ಲಿ. ಹೋದ್ ಮೇಲೆ ಬಾ, ಚೀಟಿ ಬರಿತೆ. ಇಲ್ದಿದ್ರೆ ಸುಮ್ನೆ ಒನ್ಕಿ ಹಿಡಿ. ಬಪ್ಪು ಮಳಿಗಾಲ ಕಳಿಲಿ, ಕಾಂಬೊ."

"ಆಯ್ತಾರ ಕೊಡ್ತೆ ಅಂದಿರಿ. ನಾನ್ ಕೈ ಹರ್ಕಂಡ್ ಕುಟ್ಟಿದೆ."

"ಕುಟ್ಟಿದ್ ದೇವ್ರಿಗೆ! ನಂಗಾ? ಎದುರ್ ಮಾತಾಡ್ತ್ಳ್, ಹಡಬೆ. ಹೋಗ್, ಅಮ್ಮಂಗೆ ಬಾಯ್ ತೋರ್ಸಿ ನುಚ್ಚ್ ಇಸ್ಕಂಡ್ ನಡಿ."

ಬಾಗಿ ಅಬ್ಬಿಯ ಕಡೆ ನೋಡಿದಳು. ಸುಗುಣ ಮೊರದ ಹೊಟ್ಟು ಕೇರುವುದನ್ನು ನಿಲ್ಲಿಸಿದ್ದಳು. ತೋಡಿನಾಚೆಯ ನೀರು ಕುಡಿದು ಅವಳ ಅಕ್ಕ ಎರಡು ಮಳೆಗಾಲ ಬದುಕಿರಲಿಲ್ಲ. ಸುಗುಣ ಮಗಳನ್ನು ನೋಡಲಿಲ್ಲ. ಮೊರವನ್ನು ಮೆಲ್ಲಗೆ ಕೆಳಗಿಟ್ಟು ಬೋರಲು ಹಾಕಿದಳು. ಕೆಲಸ ಪೂರ್ತಿ ಮುಗಿದ ಮೇಲೆ ಮಾತ್ರ ಮೊರ ಬೋರಲು ಹಾಕುವುದು. ರಾಶಿಯಲ್ಲಿನ್ನೂ ಕೇರುವ ಅಕ್ಕಿಯಿತ್ತು.

ಚಂದ್ರಮತಮ್ಮ ಹೊಸ ಕಡ್ಡಿ ಸೆಳೆದುಕೊಂಡು ಹೊಸ್ತಿಲಿಗೆ ಬಂದಳು. ಹೆಂಗಸರು ಸಾಲಾದರು.

"ಬಾ ಮಂಗ್ಳೂರ್‌ದವ್ಳೇ, ಮೊದ್ಲ್ ನಿಂದೇ. ಬಿಡ್ ಬಾಯಿ."

"ತಡೀನಿ ಅಮ್ಮ," ಎಂದಳು ಬಾಗಿ. "ಎಂಟ್ ವರ್ಷ ಆಯ್ತ್ ಕಾಂತಿದ್ರಿ. ಒಂದ್ ಸಲ ಆರೂ ಕಾಂಬುಕೆ ಎಂತಾರೂ ಇರ್ಕಲೆ?"

ಅವಳು ಸಾಲು ಬಿಟ್ಟು ಅಂಗಳದ ನಡುವಿಗೆ ನಡೆದಳು. ಚಾಪೆಯ ಮೇಲೆ ಕಾಲಿಟ್ಟಳು. ಗುರುವನ ಕೊಡತಿ ಎತ್ತಿದ ಕೈಯಲ್ಲೇ ನಿಂತಿತು. ಅವಳು ಬಗ್ಗಿ ರಾಶಿಗೆ ಕೈ ಹಾಕಿ, ಮುಷ್ಟಿ ತುಂಬ ಅಕ್ಕಿ ತೆಗೆದು, ತುಳಸಿಕುಡಿಯ ಸಮೇತ ಬಾಯಿಗೆ ತುರುಕಿಕೊಂಡಳು. ಅಗಿದಳು. ಹಸಿ ಅಕ್ಕಿ ಹಲ್ಲಿಗೆ ಸಿಕ್ಕಿ ಪುಡಿಯಾಗುವ ಸದ್ದು ಜಗುಲಿಯವರೆಗೂ ಕೇಳಿಸಿತು. ಎರಡನೆಯ ಹಿಡಿ ತೆಗೆದಳು. ತುಟಿಯಿಂದ ಸುರಿದದ್ದು, ಜೊಲ್ಲಿಗೆ ಅಂಟಿದ್ದು, ಎಲ್ಲ ರಾಶಿಯ ಮೇಲೆಯೇ ಬಿತ್ತು. ಆಮೇಲೆ ಬೆರಳು ಐದನ್ನೂ ಬಾಯಿಗಿಟ್ಟು ನೆಕ್ಕಿ, ಆ ಎಂಜಲು ಕೈಯನ್ನು ಮೊಣಕೈವರೆಗೆ ರಾಶಿಯೊಳಗೆ ಇಳಿಸಿ, ಮಳೆಗಾಲದ ಗದ್ದೆಯ ಕೆಸರು ಕಲಸುವವರ ಹಾಗೆ ಅಡಿಮೇಲು ಮಾಡಿದಳು.

"ಅಯ್ಯಯ್ಯೋ! ಮೈಲ್ಗಿ! ಹಿಡೀನಿ ಅವ್ಳನ್!" ಚಂದ್ರಮತಮ್ಮ ಕಿರುಚಿದಳು. ಗೋವರ್ಧನಯ್ಯ ಎದ್ದ. ಉಟ್ಟ ಪಂಚೆ ಕಾಲಿಗೆ ತೊಡರಿತು. "ಬೋಳಿಮಗಳೆ, ನಿನ್ ಕೈ ಕಡಿತೆ! ಗುರುವಾ, ಎಂತ ಕಾಂತಿದ್ದೆ ಬೇವರ್ಸಿ? ಹಿಡಿ!"

ಗುರುವ ಕೊಡತಿಯನ್ನು ಕೆಳಗಿಟ್ಟ. ಆದರೆ ಕೂತಲ್ಲಿಂದ ಏಳಲಿಲ್ಲ.

ಬಾಗಿ ಹೊಸ್ತಿಲಿಗೆ ಬಂದಳು. ಚಂದ್ರಮತಮ್ಮನ ಮುಖದಿಂದ ಒಂದು ಗೇಣು ದೂರದಲ್ಲಿ ನಿಂತು ಬಾಯಿ ಬಿಟ್ಟಳು. ನಾಲಿಗೆ ಎತ್ತಿದಳು. ನಾಲಿಗೆಯ ಮೇಲೆ, ಅಡಿಯಲ್ಲಿ, ಎರಡೂ ದವಡೆಗಳಲ್ಲಿ ಅಕ್ಕಿಯ ಬಿಳಿ ಹಿಟ್ಟು. ಗಲ್ಲದ ಮೇಲೆ ಹಾಲಿನಂತೆ ಇಳಿಯುತ್ತಿತ್ತು. ಚಂದ್ರಮತಮ್ಮನ ಕೈಯ ಕಡ್ಡಿ ಮುಂದಕ್ಕೆ ಬರಲಿಲ್ಲ.

ಹೊರಗೆ ದಣಪೆ ಬಾಗಿಲ ಹತ್ತಿರ ದೇವಸ್ಥಾನದ ಗಾಡಿಯ ಗಂಟೆ ಕೇಳಿಸಿತು. ಗಾಡಿಯವನು "ಹ್ವಾಯ್!" ಎಂದು ಕೂಗಿದ.

ಸಾಲಿನಲ್ಲಿ ಎರಡನೆಯವಳಾಗಿ ನಿಂತಿದ್ದ ಸುಗುಣ ಆಗ ಕದಲಿದಳು. ಅವಸರವಿಲ್ಲದೆ ಚಾಪೆಯ ಬಳಿಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಒಂದು ಹಿಡಿ ಅಕ್ಕಿ ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ವಸಡಿಗೆ ಹಸಿ ಅಕ್ಕಿ ನುರಿಯಲಿಲ್ಲ. ಆದರೂ ಅಗಿಯುತ್ತಲೇ ಬಂದು ಮಗಳ ಪಕ್ಕದಲ್ಲಿ ನಿಂತಳು.

"ನಂದೂ ಕಾಣಿ, ಅಮ್ಮ," ಎಂದು ಬಾಯಿ ಬಿಟ್ಟಳು.

ಬಾಗಿ ಇನ್ನೂ ಬಾಯಿ ಮುಚ್ಚಿರಲಿಲ್ಲ.